ಪೈಥಾನ್‌ನಲ್ಲಿ ತುಂಗಭದ್ರಾ ಜಲಾಶಯದ ಹರವು: ಅರ್ತ್ ಎಂಜಿನ್ ಜೋಡಿಸುವುದು ಹೀಗೆ

ಗೂಗಲ್ ಅರ್ತ್ ಎಂಜಿನ್ ಎಂದರೆ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಅವುಗಳ ಮೇಲೆ ಲೆಕ್ಕ ಮಾಡಿಕೊಡುವ ಆನ್‌ಲೈನ್ ಸೇವೆ. ತುಂಗಭದ್ರಾ ಜಲಾಶಯದ ನೀರು ಎಷ್ಟು ಜಾಗಕ್ಕೆ ಹರಡಿದೆ ಎಂದು ಅದರಲ್ಲಿ ಅಳೆಯಲು ಚಿತ್ರಗಳನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಿಲ್ಲ. ಲೆಕ್ಕವೆಲ್ಲ ಸರ್ವರಿನಲ್ಲೇ ನಡೆಯುತ್ತದೆ. ಪೈಥಾನ್ ಲೈಬ್ರರಿ ಆದೇಶ ಕಳಿಸಿ ಉತ್ತರ ತರುತ್ತದೆ, ಅಷ್ಟೇ. ಹಳೆಯ ಲ್ಯಾಪ್‌ಟಾಪ್ ಸಾಕು.

ಮೊದಲು ಗೂಗಲ್ ಕ್ಲೌಡ್ ಕನ್ಸೋಲಿನಲ್ಲಿ ಒಂದು ಪ್ರಾಜೆಕ್ಟ್ ತೆರೆಯಿರಿ. ಅದರಲ್ಲಿ ಅರ್ತ್ ಎಂಜಿನ್ ಎಪಿಐ (ನಮ್ಮ ಪ್ರೋಗ್ರಾಂ ಆ ಸೇವೆಯೊಂದಿಗೆ ಮಾತಾಡುವ ದಾರಿ) ಆನ್ ಮಾಡಿ, ಪ್ರಾಜೆಕ್ಟನ್ನು ವಾಣಿಜ್ಯೇತರ ಬಳಕೆಗೆ ನೋಂದಾಯಿಸಿ. ಪ್ರಾಜೆಕ್ಟಿನ ಹೆಸರು ಬೇರೆ, ಐಡಿ ಬೇರೆ. ಸಣ್ಣಕ್ಷರ, ಅಂಕಿ, ಅಡ್ಡಗೆರೆ ಇರುವ ಐಡಿಯನ್ನೇ ಬರೆದಿಟ್ಟುಕೊಳ್ಳಿ.

ಈಗ ಪೈಥಾನ್‌ನಲ್ಲಿ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಪ್ಯಾಕೇಜ್ ಹಾಕುವ ಸಾಧನ ಪಿಪ್ ಮೂಲಕ ‘ಅರ್ತ್‌ಎಂಜಿನ್-ಎಪಿಐ’ (earthengine-api) ಹಾಕಿಕೊಳ್ಳಿ. ಇಂಪೋರ್ಟ್ ಮಾಡುವಾಗ ಮಾತ್ರ ಹೆಸರು ‘ಇಇ’ (ee). ಅದನ್ನು ನೋಡಿ ‘ಇಇ’ ಎಂಬುದನ್ನೇ ಇನ್‌ಸ್ಟಾಲ್ ಮಾಡಿದರೆ ಸಂಬಂಧವೇ ಇಲ್ಲದ ಬೇರೊಂದು ಪ್ಯಾಕೇಜ್ ಬಂದು ಕೂರುತ್ತದೆ, ‘ಸ್ಟ್ರಿಂಗ್‌ಐಒ’ ಸಿಗಲಿಲ್ಲ ಎಂಬ ದೋಷ ಕಾಣುತ್ತದೆ. ಅದನ್ನು ತೆಗೆದುಹಾಕಿ ಸರಿಯಾದದ್ದನ್ನು ಮತ್ತೆ ಹಾಕಿ. ನಿಮ್ಮ ಫೈಲಿಗೂ ‘ಇಇ’ ಎಂದು ಹೆಸರು ಇಡಬೇಡಿ.

‘ಅಥೆಂಟಿಕೇಟ್’ ಕರೆದಾಗ ಬ್ರೌಸರ್ ತೆರೆದು ಅನುಮತಿ ಕೇಳುತ್ತದೆ. ಒಂದು ಯಂತ್ರದಲ್ಲಿ ಒಮ್ಮೆ ಮಾಡಿದರೆ ಗುರುತುಚೀಟಿ ಹೋಮ್ ಫೋಲ್ಡರಿನಲ್ಲಿ ಉಳಿಯುತ್ತದೆ. ‘ಇನಿಶಿಯಲೈಸ್’ ಮಾತ್ರ ಪ್ರತಿ ಸಲವೂ ಬೇಕು, ಪ್ರಾಜೆಕ್ಟ್ ಐಡಿಯೊಂದಿಗೆ.

ಚಿತ್ರಗಳಿಗೆ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ‘ಎಸ್ಆರ್ ಹಾರ್ಮನೈಸ್ಡ್’ ಸಂಗ್ರಹ ತೆಗೆದುಕೊಳ್ಳಿ. 2022ರ ಜನವರಿ 25ರಿಂದ ಮೂಲ ಚಿತ್ರಗಳ ಅಂಕಿಗಳು 1000ದಷ್ಟು ಮೇಲಕ್ಕೆ ಸರಿದಿವೆ; ಹಾರ್ಮನೈಸ್ಡ್ ಸಂಗ್ರಹದಲ್ಲಿ ಅದನ್ನು ಸರಿಪಡಿಸಿದ್ದಾರೆ. ಜಲಾಶಯವನ್ನು ಸುತ್ತುವರಿಯುವ ಚೌಕಕ್ಕೆ ಪಶ್ಚಿಮ 75.9, ದಕ್ಷಿಣ 15.0, ಪೂರ್ವ 76.4, ಉತ್ತರ 15.35 ಎಂದು ಇದೇ ಕ್ರಮದಲ್ಲಿ ಕೊಡಿ. ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಮುಂಗಾರಿನಲ್ಲಿ ಮೋಡದ ಕಾಟ ಹೆಚ್ಚು, ಡಿಸೆಂಬರ್ ವಾಸಿ. ದಿನಾಂಕಕ್ಕೆ 2024-12-01ರಿಂದ 2025-01-01 ಎಂದು ಬರೆಯಿರಿ, ಕೊನೆಯ ದಿನ ಲೆಕ್ಕಕ್ಕೆ ಬರುವುದಿಲ್ಲ. ಮೋಡ ಶೇ 10ಕ್ಕಿಂತ ಕಡಿಮೆ ಇರುವ ಚಿತ್ರಗಳನ್ನು ಸೋಸಿ ‘ಮೀಡಿಯನ್’ ತೆಗೆಯಿರಿ, ಅಂದರೆ ಪ್ರತಿ ಚುಕ್ಕಿಗೂ (ಪಿಕ್ಸೆಲ್) ಎಲ್ಲ ಚಿತ್ರಗಳ ನಡುವಿನ ಬೆಲೆ ಇರುವ ಒಂದೇ ಚಿತ್ರ.

ಚಿತ್ರದಲ್ಲಿ ಬೆಳಕಿನ ಒಂದೊಂದು ಬಣ್ಣಕ್ಕೂ ಒಂದು ಬ್ಯಾಂಡ್: ಹಸಿರಿನದು ಬಿ3, ಅವಕೆಂಪಿನದು ಬಿ8. ಬಿ3ರಿಂದ ಬಿ8 ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿ. ಸೊನ್ನೆಗಿಂತ ಹೆಚ್ಚಿದ್ದಲ್ಲಿ ಸಾಮಾನ್ಯವಾಗಿ ನೀರು. ನೀರಿಗೆ 1, ಉಳಿದದ್ದಕ್ಕೆ 0 ಇರುವ ಈ ಚಿತ್ರವನ್ನು (ಮುಖವಾಡ) ಪ್ರತಿ ಚುಕ್ಕಿಯ ವಿಸ್ತೀರ್ಣ ಕೊಡುವ ‘ಪಿಕ್ಸೆಲ್‌ಏರಿಯಾ’ದಿಂದ ಗುಣಿಸಿ, ‘ರೆಡ್ಯೂಸ್‌ರೀಜನ್’ನಲ್ಲಿ ಕೂಡಿಸಿ. ಬಂದ ಚದರ ಮೀಟರನ್ನು 10 ಲಕ್ಷದಿಂದ ಭಾಗಿಸಿದರೆ ಚದರ ಕಿಲೋಮೀಟರ್.

ಬಹಳ ಜನ ಎಡವುವುದು ಇಲ್ಲೇ. ಮೀಡಿಯನ್ ತೆಗೆದ ಚಿತ್ರ ತನ್ನ 10 ಮೀಟರ್ ಅಳತೆಯನ್ನು ಕಳೆದುಕೊಂಡು 1 ಡಿಗ್ರಿಗೆ ಜಿಗಿಯುತ್ತದೆ, ಅಂದರೆ ಒಂದು ಚುಕ್ಕಿಯ ಬದಿ ಸುಮಾರು 110 ಕಿಲೋಮೀಟರ್. ‘ರೆಡ್ಯೂಸ್‌ರೀಜನ್’ನಲ್ಲಿ ಚುಕ್ಕಿಯ ಅಳತೆ ಹೇಳುವ ‘ಸ್ಕೇಲ್’ ಬರೆಯದೆ ಬಿಟ್ಟರೆ ಇಡೀ ಜಲಾಶಯ ಒಂದೆರಡು ಚುಕ್ಕಿಯೊಳಗೆ ಮುಳುಗಿಹೋಗುತ್ತದೆ. ದೋಷ ಸಂದೇಶವಿಲ್ಲ, ಉತ್ತರ ಮಾತ್ರ ಪೂರ್ತಿ ತಪ್ಪು! ಸ್ಕೇಲ್ 10 ಎಂದು ಬರೆಯಲೇಬೇಕು.

ಬರೆದ ಕೂಡಲೇ ಇನ್ನೊಂದು ತಡೆ: ಈ ಚೌಕದಲ್ಲಿ ಸುಮಾರು 2 ಕೋಟಿ ಚುಕ್ಕಿಗಳಿವೆ, ತಾನಾಗಿ ಸಿಗುವ ಮಿತಿ 1 ಕೋಟಿ. ‘ಮ್ಯಾಕ್ಸ್‌ಪಿಕ್ಸೆಲ್ಸ್’ ಅನ್ನು 10 ಕೋಟಿಗೆ ಏರಿಸಿ. ‘ಬೆಸ್ಟ್‌ಎಫರ್ಟ್’ ಹಾಕಿದರೂ ತಡೆ ಹೋಗುತ್ತದೆ, ಆದರೆ ಅದು ಸದ್ದಿಲ್ಲದೆ ಚುಕ್ಕಿಯನ್ನು ದೊಡ್ಡದು ಮಾಡುತ್ತದೆ. ವಿಸ್ತೀರ್ಣದ ಲೆಕ್ಕಕ್ಕೆ ಅದು ಬೇಡ.

ಉತ್ತರ ಕೈಗೆ ಬರುವುದು ‘ಗೆಟ್‌ಇನ್ಫೋ’ ಕರೆದಾಗ. ಹಲವು ವರ್ಷಗಳ ಲೆಕ್ಕವನ್ನು ಒಟ್ಟಿಗೆ ಕೇಳಿದರೆ ಸಮಯ ಮೀರಿತೆಂದು ನಿಂತುಬಿಡಬಹುದು. ಆಗ ‘ಎಕ್ಸ್‌ಪೋರ್ಟ್’ ಬಳಸಿ ಫಲಿತಾಂಶವನ್ನು ಗೂಗಲ್ ಡ್ರೈವಿಗೆ ಕಳಿಸಿ. ಎಕ್ಸ್‌ಪೋರ್ಟ್ ಬರೆದ ಮೇಲೆ ‘ಸ್ಟಾರ್ಟ್’ ಕರೆಯಿರಿ; ಅದಿಲ್ಲದಿದ್ದರೆ ಕೆಲಸ ಸರದಿಗೇ ಸೇರುವುದಿಲ್ಲ.