ಕೃಷ್ಣೇಗೌಡರು ‘ಕಷಣಗಡ’ ಆಗದ ಹಾಗೆ ಫಾರ್ಮ್ ಬರೆಯುವುದು ಹೇಗೆ?

ಕಾಫಿ ಸುಗ್ಗಿಯಲ್ಲಿ ಚಿಕ್ಕಮಗಳೂರಿನ ಒಂದು ಖರೀದಿ ಅಂಗಡಿಯಲ್ಲಿ ಕೂತಿದ್ದೆ. ಹೊರಗೆ ಚೀಲ ತುಂಬಿದ ಪಿಕಪ್‌ಗಳ ಸಾಲು. ಒಳಗೆ ಬಿಲ್ ಹೊಡೆಯುವ ಹುಡುಗ ಕಂಪ್ಯೂಟರಿನಲ್ಲಿ ‘ಕೃಷ್ಣೇಗೌಡ’ ಎಂದು ಒತ್ತಿದರೆ ‘ಕಷಣಗಡ’ ಎಂದು ಬೀಳುತ್ತಿತ್ತು. ಅವನು ಬೇಸತ್ತು ಇಂಗ್ಲಿಷಿಗೆ ಹೋಗಿಬಿಟ್ಟಿದ್ದ. ಕೀಬೋರ್ಡ್ ಸರಿಯಾಗಿಯೇ ಇತ್ತು. ಎಡವಿದ್ದು ಪ್ರೋಗ್ರಾಂ ಬರೆದವರು. ಮಾಹಿತಿ ತುಂಬುವ ಪರದೆಗಳನ್ನು, ಅಂದರೆ ಫಾರ್ಮ್‌ಗಳನ್ನು, ಸಿ ಶಾರ್ಪ್ ಭಾಷೆಯಲ್ಲಿ, ವಿಂಡೋಸ್ ಫಾರ್ಮ್ಸ್‌ನಲ್ಲಿ ಬರೆಯುವವರಿಗಾಗಿ ಈ ಲೇಖನ.

ಮೊದಲು ಯಾವ ಬಾಕ್ಸಿಗೆ ಏನು ಬೇಕೆಂದು ಕಾಗದದ ಮೇಲೆ ಬರೆದುಕೊಳ್ಳಿ. ಮೊಬೈಲ್‌ಗೆ 10 ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಪಿನ್‌ಕೋಡ್‌ಗೆ 6 ಅಂಕಿ, ಸೊನ್ನೆಯಿಂದ ಶುರುವಾಗಬಾರದು. ಐಎಫ್‌ಎಸ್‌ಸಿಗೆ 11 ಅಕ್ಷರ, ಐದನೆಯದು ಸೊನ್ನೆ. ಅಷ್ಟೇ.

ಎರಡನೆಯದು ಹೆಸರು. ಎಲ್ಲರೂ ಬೀಳುವ ಗುಂಡಿ ಇದೇ. ‘ಅಕ್ಷರ ಮಾತ್ರ ಬಿಡು’ ಎಂದು, ಪ್ರತಿ ಕೀ ಒತ್ತಿದಾಗಲೂ ಓಡುವ ಕೀಪ್ರೆಸ್‌ನಲ್ಲಿ ‘ಈಸ್‌ಲೆಟರ್’ ಹಾಕುತ್ತಾರೆ. ಕಂಪ್ಯೂಟರ್ ಎಲ್ಲ ಲಿಪಿಗಳಿಗೂ ಬಳಸುವ ಯೂನಿಕೋಡ್ ಲೆಕ್ಕದಲ್ಲಿ ‘ಕ’ ಅಕ್ಷರ, ಆದರೆ ಗುಣಿತದ ಚಿಹ್ನೆ ಅಕ್ಷರವಲ್ಲ. ಒತ್ತಕ್ಷರ ಹುಟ್ಟಿಸುವ ಹಲಂತ ಚಿಹ್ನೆಯೂ (್) ಅಲ್ಲ. ಎರಡನ್ನೂ ಶೋಧಿಸಿ ಎಸೆದರೆ ಉಳಿಯುವುದು ಕಷಣಗಡ! ಸೋಸಲೇಬೇಕು ಎಂದಿದ್ದರೆ ಅಕ್ಷರದ ಜೊತೆ ‘ಮಾರ್ಕ್’ ವರ್ಗವನ್ನೂ, ಅಂದರೆ ಈ ಚಿಹ್ನೆಗಳನ್ನೂ, ಒಳಗೆ ಬಿಡಿ. ಚುಕ್ಕೆ, ಸ್ಪೇಸ್, ಜೊತೆಗೆ ಅಕ್ಷರಗಳನ್ನು ಕೂಡಿಸುವ, ಬಿಡಿಸುವ, ಕಣ್ಣಿಗೆ ಕಾಣದ ಜೋಯ್ನರ್‌ಗಳನ್ನೂ ಬಿಡಿ. ನನ್ನ ಕೇಳಿದರೆ ಹೆಸರನ್ನು ಸೋಸುವುದೇ ಬೇಡ. ಹಿಂದೆ ಮುಂದೆ ಇರುವ ಸ್ಪೇಸ್ ತೆಗೆಯಿರಿ, ಖಾಲಿಯಿದ್ದರೆ ಕೇಳಿ, ಸಾಕು. ಉದ್ದದ ಮಿತಿಯಲ್ಲೂ ಜಿಪುಣತನ ಬೇಡ. ನಮ್ಮ ಕಣ್ಣಿಗೆ ಒಂದೇ ಆದ ‘ಕ್ಷ’ ಕಂಪ್ಯೂಟರಿಗೆ ಮೂರು.

ಡಿ'ಸೋಜ ಎಂಬ ಹೆಸರಿನ ನಡುವಿನ ಅಪಾಸ್ಟ್ರಫಿಯನ್ನು (') ಡೇಟಾಬೇಸ್ ಕೆಡುತ್ತದೆಂದು ತೆಗೆಯುವವರಿದ್ದಾರೆ. ಮನುಷ್ಯರ ಹೆಸರು ಕತ್ತರಿಸಬೇಡಿ ಮಾರಾಯ್ರೆ, ಡೇಟಾಬೇಸಿಗೆ ಕಳಿಸುವ ಕ್ವೆರಿಯಲ್ಲಿ ಹೆಸರನ್ನು ನೇರ ಅಂಟಿಸದೆ ಪ್ಯಾರಾಮೀಟರ್ ಆಗಿ ಕೊಡಿ.

ಮೂರನೆಯದು ಮೊಬೈಲ್. ಕೀಪ್ರೆಸ್‌ನಲ್ಲಿ ಅಂಕಿ ಬಿಟ್ಟು ಬೇರೆಲ್ಲ ತಡೆದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಮೌಸ್‌ನ ಬಲಗುಂಡಿ ಒತ್ತಿ ಪೇಸ್ಟ್ ಮಾಡಿದರೆ ಆ ಕಾವಲಿಗೆ ಗೊತ್ತೇ ಆಗುವುದಿಲ್ಲ. ಬ್ಯಾಕ್‌ಸ್ಪೇಸ್ ಬಿಡಲು ಮರೆತವರನ್ನಂತೂ ಕೇಳಲೇಬೇಡಿ. ‘ಮ್ಯಾಕ್ಸ್‌ಲೆಂಗ್ತ್’ (ಗರಿಷ್ಠ ಉದ್ದ) 10 ಇಡುವುದು ಇನ್ನೂ ಮೋಸ. ವಾಟ್ಸ್ಆ್ಯಪ್‌ನಿಂದ +91, ನಡುವೆ ಸ್ಪೇಸ್ ಸಮೇತ ನಂಬರ್ ಅಂಟಿಸಿದರೆ ಕೊನೆಯ ಐದು ಅಂಕಿ ಸದ್ದಿಲ್ಲದೆ ಕತ್ತರಿಸಿಹೋಗುತ್ತವೆ. ಬಂದದ್ದು ಬರಲಿ ಬಿಡಿ. ಬಾಕ್ಸ್ ಬಿಟ್ಟು ಹೋಗುವಾಗ ಅಂಕಿಯಲ್ಲದ್ದನ್ನೆಲ್ಲ ತೆಗೆಯಿರಿ. 12 ಅಂಕಿ ಉಳಿದು ಮುಂದೆ 91 ಇದ್ದರೆ ಅದನ್ನೂ ತೆಗೆಯಿರಿ. ಆಮೇಲೆ ಎಣಿಸಿ. ‘ಈಸ್‌ಡಿಜಿಟ್’ ನಮ್ಮ ‘೯’ ಅನ್ನೂ ಅಂಕಿ ಎಂದು ಒಪ್ಪುತ್ತದೆ, ಬರಹವನ್ನು ಸಂಖ್ಯೆಯಾಗಿಸುವ ‘ಇಂಟ್ ಪಾರ್ಸ್’ ಒಪ್ಪುವುದಿಲ್ಲ. ಆದ್ದರಿಂದ ಕನ್ನಡ ಅಂಕಿಗಳನ್ನು ಮೊದಲೇ ಬದಲಿಸಿಕೊಳ್ಳಿ. ಮೊದಲೇ ನಮೂನೆ ಹಾಕಿಟ್ಟಿರುವ ಮಾಸ್ಕ್ಡ್ ಟೆಕ್ಸ್ಟ್‌ಬಾಕ್ಸ್ ಬೇಡ. ಅದರ ಅಡ್ಡಗೆರೆಗಳ ಮಧ್ಯೆ ಕರ್ಸರ್ ಎಲ್ಲಿ ನಿಲ್ಲುತ್ತದೋ ಅದಕ್ಕೇ ಗೊತ್ತಿಲ್ಲ.

ನಾಲ್ಕನೆಯದು ತೂಕ. ಇಲ್ಲಿ ತಪ್ಪಿದರೆ ದುಡ್ಡೇ ಹೋಗುತ್ತದೆ. ಚುಕ್ಕೆಯ ಬದಲು ಅಲ್ಪವಿರಾಮ ಬಿದ್ದು ‘50,5’ ಆದರೆ ‘ಡೆಸಿಮಲ್ ಟ್ರೈಪಾರ್ಸ್’ ಅದನ್ನು ಸಾಮಾನ್ಯವಾಗಿ 505 ಎಂದು ಓದುತ್ತದೆ. ಐವತ್ತೂವರೆ ಕೆಜಿಗೆ ಹತ್ತು ಪಟ್ಟು ಬಿಲ್! ಸಾವಿರದ ಅಲ್ಪವಿರಾಮಕ್ಕೆ ಅನುಮತಿ ಕೊಡಬೇಡಿ. ಚೀಲಕ್ಕೆ 50 ಕೆಜಿ ಲೆಕ್ಕ ಹಾಕಿ, ಚೀಲದ ಸಂಖ್ಯೆಗೂ ತೂಕಕ್ಕೂ ತಾಳೆಯಾಗದಿದ್ದರೆ ‘ಸರಿನಾ?’ ಎಂದು ಕೇಳಿ. ತಡೆಯಬೇಡಿ, ಅರ್ಧ ಚೀಲವೂ ಬರುತ್ತದೆ ಅಲ್ವಾ. ಬಾಣ ಒತ್ತಿ ಸಂಖ್ಯೆ ಏರಿಳಿಸುವ ನ್ಯೂಮೆರಿಕ್ ಅಪ್‌ಡೌನ್ ಹಾಕಿದರೆ ಸುಮ್ನೆ ಮೌಸ್ ಚಕ್ರ ತಿರುಗಿದರೂ ತೂಕ ಬದಲಾಗುತ್ತದೆ. ನಾನಂತೂ ಮುಟ್ಟುವುದಿಲ್ಲ.

ಇನ್ನು ತಪ್ಪನ್ನು ಹೇಳುವ ಬಗೆ. ಬಾಕ್ಸ್ ಬಿಡುವಾಗ ಪರೀಕ್ಷಿಸುವ ‘ವ್ಯಾಲಿಡೇಟಿಂಗ್’ನಲ್ಲಿ ಕ್ಯಾನ್ಸಲ್ ಮಾಡಿದರೆ ಆ ಬಾಕ್ಸಿನಿಂದ ಹೊರಬರಲು ಆಗುವುದಿಲ್ಲ. ರದ್ದು ಬಟನ್ನೂ ಕೆಲಸ ಮಾಡುವುದಿಲ್ಲ, ಅದರ ‘ಕಾಸಸ್ ವ್ಯಾಲಿಡೇಶನ್’ ಅನ್ನು ಫಾಲ್ಸ್ ಮಾಡದ ಹೊರತು. ಎರರ್ ಪ್ರೊವೈಡರ್‌ನ ಕೆಂಪು ಗುರುತು ತೋರಿಸಿ ಮುಂದಕ್ಕೆ ಬಿಡಿ, ಉಳಿಸುವಾಗ ಎಲ್ಲವನ್ನೂ ಮತ್ತೊಮ್ಮೆ ನೋಡಿ. ‘ತಪ್ಪು ಮಾಹಿತಿ’ ಎಂದರೆ ಯಾರಿಗೂ ಏನೂ ತಿಳಿಯದು. ‘ಮೊಬೈಲ್‌ನಲ್ಲಿ ಒಂದು ಅಂಕಿ ಕಮ್ಮಿ’ ಎಂದು ಬರೆಯಿರಿ.