ಹಳೆಯ ಸ್ಪ್ಲೆಂಡರ್‌ನ ದುರಸ್ತಿ: ಮನೆಯಂಗಳದಲ್ಲಿ ನಾನು ಮಾಡಿಕೊಂಡದ್ದು

ನನ್ನ ಬಳಿ ಇರುವುದು ತಂದೆಯವರು 2001ರಲ್ಲಿ ಕೊಂಡ ಹೀರೋ ಹೋಂಡಾ ಸ್ಪ್ಲೆಂಡರ್. 97.2 ಸಿ.ಸಿ.ಯ ಇದರ ಎಂಜಿನ್ ಎಷ್ಟು ಸರಳವಾದದ್ದೆಂದರೆ, ಸ್ಪಾನರ್ ಹಿಡಿದು ಅಭ್ಯಾಸವಿಲ್ಲದವರೂ ತಾಳ್ಮೆಯಿದ್ದರೆ ಇದರ ನಿತ್ಯದ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ತೊಂದರೆ ಎಲ್ಲಿದೆ ಎಂದು ತಿಳಿಯುವ ಮೊದಲೇ ಬಿಚ್ಚಲು ಹೊರಟರೆ, ಮೊದಲಿದ್ದ ತೊಂದರೆಯ ಜೊತೆಗೆ ನಾವೇ ತಂದುಕೊಂಡ ಹೊಸದೊಂದು ಸೇರಿಕೊಂಡು, ಯಾವುದು ಯಾವುದರಿಂದ ಬಂತೆಂದು ಮೆಕ್ಯಾನಿಕ್‌ಗೂ ತಿಳಿಯದಂತಾಗುತ್ತದೆ. ಆದ್ದರಿಂದ ನಾನು ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಗಾಡಿ ಓಡಿಸಿ ನೋಡಿದ ಮೇಲಷ್ಟೇ ಮುಂದಿನದಕ್ಕೆ ಕೈಹಾಕುತ್ತೇನೆ.

ಮಳೆಗಾಲವಿಡೀ ಓಡಿಸದೆ ನಿಲ್ಲಿಸಿದ್ದ ಗಾಡಿ ಸ್ಟಾರ್ಟ್ ಆಗದಿದ್ದಾಗ ನಾನು ಮೊದಲು ಬಿಚ್ಚಿದ್ದು ಸ್ಪಾರ್ಕ್ ಪ್ಲಗ್. ಪ್ಲಗ್ ಸುತ್ತ ಕೂತಿರುವ ಮಣ್ಣನ್ನು ಬ್ರಷ್ಷಿನಿಂದ ಪೂರ್ತಿ ತೆಗೆದ ನಂತರವೇ ಅದನ್ನು ಸಡಿಲಿಸಬೇಕು, ಇಲ್ಲವಾದರೆ ಆ ಮಣ್ಣು ನೇರವಾಗಿ ಸಿಲಿಂಡರ್‌ಗೆ ಬೀಳುತ್ತದೆ. ಇದರ ಪ್ಲಗ್ ಚಿಕ್ಕದು, 16 ಮಿ.ಮೀ. ಪ್ಲಗ್ ಸ್ಪಾನರ್ ಬೇಕು. ಚೋಕ್ ಹಾಕಿ ಹಲವು ಕಿಕ್ ಹೊಡೆದ ಮೇಲೂ ಪ್ಲಗ್‌ನ ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ ಎಂದೂ, ಒದ್ದೆಯಾಗಿದ್ದರೆ ಪೆಟ್ರೋಲ್ ಬಂದರೂ ಉರಿಯುತ್ತಿಲ್ಲ ಎಂದೂ ತಿಳಿಯಬಹುದು. ಸ್ಪಾರ್ಕ್ ನೋಡಬೇಕಾದರೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನ್‌ಗೆ ತಾಗಿಸಿಟ್ಟು ಕಿಕ್ ಹೊಡೆಯಬೇಕು. ಪ್ಲಗ್ ತೆಗೆದ ರಂಧ್ರದಿಂದ ಪೆಟ್ರೋಲ್ ಆವಿ ಹೊರಬರುವುದರಿಂದ ಅದರಿಂದ ದೂರದಲ್ಲಿ ಇದನ್ನು ಮಾಡುವುದು ಕ್ಷೇಮ. ಅಂದಹಾಗೆ, ಈ ಹಳೆಯ ಮಾದರಿಯಲ್ಲಿ ಸ್ಪಾರ್ಕ್‌ಗೆ ಬೇಕಾದ ವಿದ್ಯುತ್, ಎಂಜಿನ್ ಜೊತೆಗೇ ತಿರುಗುವ ಮ್ಯಾಗ್ನೆಟೊದ ಕಾಯಿಲಿನಿಂದಲೇ ಬರುತ್ತದೆ. ಗಾಡಿ ಸ್ಟಾರ್ಟ್ ಆಗದಿದ್ದ ಕೂಡಲೇ ಬ್ಯಾಟರಿ ಬದಲಾಯಿಸಿ ಎಂದು ಹೇಳುವವರ ಮಾತು ಇಲ್ಲಿ ಸಲ್ಲುವುದಿಲ್ಲ.

ನನ್ನ ಗಾಡಿಯಲ್ಲಿ ಸ್ಪಾರ್ಕ್ ನೀಲಿಯಾಗಿ ಬರುತ್ತಿತ್ತು, ಪ್ಲಗ್ ಮಾತ್ರ ಒಣಗಿತ್ತು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸುವ ಕಾರ್ಬೊರೇಟರ್‌ನ ಬಟ್ಟಲಿನ ಅಡಿಯಲ್ಲಿರುವ ಡ್ರೇನ್ ಸ್ಕ್ರೂ ಸಡಿಲಿಸಿ, ಅಲ್ಲಿಂದ ಇಳಿದುದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಾಗ, ಮಾಸಿದ ಹಳದಿ ಬಣ್ಣದ ಪೆಟ್ರೋಲ್‌ನ ತಳದಲ್ಲಿ ಬಣ್ಣವಿಲ್ಲದ ನೀರು ಹನಿಹನಿಯಾಗಿ ಉರುಳಾಡುತ್ತಿತ್ತು. ಈಗ ನಮ್ಮಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ; ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ವಾಷರ್‌ಗಳಿಗೂ ಅದು ಒಗ್ಗುವುದಿಲ್ಲ. ಹೀಗಾಗಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ ಬಟ್ಟಲನ್ನು ಬರಿದು ಮಾಡಿಡುವುದನ್ನು ರೂಢಿಸಿಕೊಂಡಿದ್ದೇನೆ.

ಕಾರ್ಬೊರೇಟರ್ ಬಿಚ್ಚಬೇಕಾಗಿ ಬಂದಾಗ ಹೊಸಬರಿಗೆ ಎದುರಾಗುವ ನಿಜವಾದ ಅಡ್ಡಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಜೆಟ್ಟುಗಳದ್ದಲ್ಲ, ಬಟ್ಟಲಿನ ಸ್ಕ್ರೂಗಳದ್ದು. ಇವು ನೋಡಲು ಸಾಮಾನ್ಯ ಸ್ಟಾರ್ ಸ್ಕ್ರೂಗಳಂತೆಯೇ ಇದ್ದರೂ ಜಪಾನಿ ಅಳತೆಯವು, ಸೀಳು ಸ್ವಲ್ಪ ಬೇರೆ. ಸಾಧಾರಣ ಸ್ಟಾರ್ ಸ್ಕ್ರೂಡ್ರೈವರ್ ಅದರ ತಳದವರೆಗೆ ಕೂರದೆ, ಬಲ ಹಾಕಿದೊಡನೆ ಮೇಲಕ್ಕೆ ಜಾರಿ ಸೀಳನ್ನು ತಿಂದುಹಾಕುತ್ತದೆ. ಜೆ.ಐ.ಎಸ್. (ಜಪಾನಿ ಅಳತೆ) ಎಂದು ಕೇಳಿ ಕೊಂಡ ಸ್ಕ್ರೂಡ್ರೈವರ್, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಕಾಯುವ ವ್ಯವಧಾನ, ತಿರುಗಿಸುವುದಕ್ಕಿಂತ ಹೆಚ್ಚಾಗಿ ಒಳಕ್ಕೆ ಒತ್ತುವ ಬಲ, ಇಷ್ಟಿದ್ದರೆ ಬಹಳಷ್ಟು ಸ್ಕ್ರೂಗಳು ಮಾತು ಕೇಳುತ್ತವೆ. ಗಾಳಿಯ ಸ್ಕ್ರೂವನ್ನು ತೆಗೆಯುವ ಮೊದಲು, ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತ ತಳ ಮುಟ್ಟಲು ಎಷ್ಟು ಸುತ್ತು ಬೇಕಾಯಿತೆಂದು ಎಣಿಸಿ ಬರೆದುಕೊಳ್ಳಬೇಕು. ಮರುಜೋಡಣೆಯಲ್ಲಿ ಅಷ್ಟೇ ಸುತ್ತು ಹೊರಕ್ಕೆ ತಂದರೆ ಹಿಂದಿನ ಸ್ಥಿತಿಗೆ ಬರುತ್ತದೆ. ಜೆಟ್ಟುಗಳು ಹಿತ್ತಾಳೆಯವು. ಪಿನ್ನು, ಸೂಜಿ ತೂರಿಸಿದರೆ ರಂಧ್ರ ದೊಡ್ಡದಾಗಿ ಮೈಲೇಜ್ ಕೆಡುತ್ತದೆ, ಆದ್ದರಿಂದ ಕ್ಲೀನರ್ ಸ್ಪ್ರೇಗೂ ಜಗ್ಗದ ಪೈಲಟ್ ಜೆಟ್ಟಿಗೆ ಕರೆಂಟ್ ವೈರಿನಿಂದ ಎಳೆದ ತಾಮ್ರದ ಒಂದೇ ಎಳೆಯನ್ನು ಬಳಸಿದೆ. ಆ ಸ್ಪ್ರೇ ಒಂದು ರಂಧ್ರದಲ್ಲಿ ಹೊಕ್ಕು ಇನ್ನೊಂದರಿಂದ ಮುಖಕ್ಕೇ ಚಿಮ್ಮುವುದರಿಂದ ಕನ್ನಡಕ ಇರಲೇಬೇಕು.

ಟ್ಯಾಪೆಟ್ ಹೊಂದಿಸುವುದು, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಣ್ಣ ಅಂತರವನ್ನು ಸರಿಪಡಿಸುವುದು, ಹೆಸರಿಗೆ ಮಾತ್ರ ಭಯ ಹುಟ್ಟಿಸುವ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಮುಟ್ಟುವುದು ಒಳ್ಳೆಯದು. ಎಡಬದಿಯ ಕವರ್‌ನಲ್ಲಿರುವ ಎರಡು ಮುಚ್ಚಳಗಳನ್ನು ತೆಗೆದು, ಮ್ಯಾಗ್ನೆಟೊವನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸುತ್ತ, ಅದರ ಮೇಲಿನ ‘ಟಿ’ ಗುರುತನ್ನು ಕವರ್‌ನ ಗುರುತಿಗೆ ಸರಿಯಾಗಿ ನಿಲ್ಲಿಸಬೇಕು. ಆಗ ಸಿಲಿಂಡರ್ ಹೆಡ್ಡಿನ ಮೇಲಿನ ಮುಚ್ಚಳಗಳನ್ನು ತೆಗೆದರೆ ಕಾಣುವ ಎರಡೂ ರಾಕರ್‌ಗಳು ಬೆರಳಿಗೆ ತುಸು ಅಲುಗಾಡಬೇಕು; ಅಲುಗಾಡದಿದ್ದರೆ ಇನ್ನೊಂದು ಪೂರ್ಣ ಸುತ್ತು ತಿರುಗಿಸಬೇಕು. ನನ್ನ ಗಾಡಿಗೆ ಅಂತರ 0.05 ಮಿ.ಮೀ. ಇದು ವರ್ಷ, ಮಾದರಿಗೆ ತಕ್ಕಂತೆ ಬದಲಾಗುವುದರಿಂದ ತಮ್ಮ ಗಾಡಿಯ ಕೈಪಿಡಿಯನ್ನು ನೋಡಿಯೇ ಮುಂದುವರಿಯಬೇಕು. ಅಂತರ ಅಳೆಯುವ ಫೀಲರ್ ಗೇಜಿನ ತೆಳುವಾದ ಲೋಹದ ಎಲೆ ತೂರಿದಾಗ ತಡೆ ಸಿಗಬೇಕು, ಆದರೆ ಎಳೆದರೆ ಬರಬೇಕು. ಲಾಕ್‌ನಟ್ ಬಿಗಿ ಮಾಡುವಾಗ ಅಳತೆ ಜರುಗುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ಅಳೆಯುವುದೇ ಈ ಕೆಲಸದ ಮುಖ್ಯ ಭಾಗ. ಟಿಕ್ ಟಿಕ್ ಸದ್ದು ಪೂರ್ತಿ ನಿಲ್ಲಲೆಂದು ಬಿಗಿ ಮಾಡುವವರಿದ್ದಾರೆ. ಅಂತರ ಇಲ್ಲದಿದ್ದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರದೆ ಕಂಪ್ರೆಷನ್ ಇಳಿಯುತ್ತದೆ, ಕಾಲಕ್ರಮದಲ್ಲಿ ಎಕ್ಸಾಸ್ಟ್ ವಾಲ್ವ್ ಸುಟ್ಟೇ ಹೋಗುತ್ತದೆ. ಸ್ವಲ್ಪ ಸದ್ದಿರುವ ಎಂಜಿನ್ ನನಗೆ ಹೆಚ್ಚು ನೆಮ್ಮದಿ ಕೊಡುತ್ತದೆ.

ಎಂಜಿನ್ ಆಯಿಲ್ ಬದಲಾಯಿಸುವುದು ಎಲ್ಲಕ್ಕಿಂತ ಸುಲಭವಾದರೂ, ಅಡಿಯ 17 ಮಿ.ಮೀ. ಡ್ರೇನ್ ಬೋಲ್ಟ್ ಕೂರುವುದು ಅಲ್ಯೂಮಿನಿಯಂನಲ್ಲಿ ಎಂಬುದನ್ನು ಮರೆಯಬಾರದು. ಹೊಸ ವಾಷರ್ ಹಾಕಿ, ಅದನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಸ್ಪಾನರ್‌ನಿಂದ ಹದವಾಗಿ ಬಿಗಿದರೆ ಸಾಕು. ಕ್ಲಚ್ಚು ಇದೇ ಆಯಿಲಿನಲ್ಲಿ ಮುಳುಗಿರುವುದರಿಂದ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಮಟ್ಟ ನೋಡುವಾಗ ಡಿಪ್‌ಸ್ಟಿಕ್ಕನ್ನು ತಿರುಗಿಸದೆ ಸುಮ್ಮನೆ ಇಳಿಸಿ ನೋಡಬೇಕು. ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ, ಡಬ್ಬಿಯಲ್ಲಿ ತುಂಬಿಸಿ ವರ್ಕ್‌ಶಾಪಿಗೆ ಕೊಡುತ್ತೇನೆ.

ಚೈನಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸವೆದಿದ್ದರೆ ಎರಡೂ ಸ್ಪ್ರಾಕೆಟ್ ಸಮೇತ ಬದಲಾಯಿಸಬೇಕು. ಬಿಡಿಭಾಗ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗುತ್ತೇನೆ, ಏಕೆಂದರೆ ಒಂದೇ ಹೆಸರಿನ ಗಾಡಿಯೊಳಗೇ ವರ್ಷದಿಂದ ವರ್ಷಕ್ಕೆ ಭಾಗಗಳು ಬದಲಾಗಿವೆ. ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಿಂದ ಊದಬಾರದು. ಹಳೆಯ ಶೂಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದ್ದು, ಒದ್ದೆ ಬಟ್ಟೆಯಲ್ಲಿ ಒರೆಸುವುದು ಸರಿ. ಶೂ ಬದಲಿಸಿದ ದಿನ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಬ್ರೇಕ್ ಹಿಡಿದು ನೋಡದೆ ಮುಖ್ಯರಸ್ತೆಗೆ ಇಳಿಯುವುದಿಲ್ಲ.

ಮುಂದಿನ ಫೋರ್ಕಿನ ಸೀಲು, ಹ್ಯಾಂಡಲ್‌ನ ಕೋನ್ ಸೆಟ್, ಕ್ಲಚ್ ಬಿಚ್ಚುವ ಕೆಲಸ, ಸಿಲಿಂಡರ್ ಬೋರ್, ಇವನ್ನೆಲ್ಲ ಮೆಕ್ಯಾನಿಕ್‌ಗೇ ಬಿಡುತ್ತೇನೆ. ಆದರೆ ಗಾಡಿ ಒಪ್ಪಿಸುವಾಗ, ಪ್ಲಗ್ ಯಾವಾಗ ಬದಲಾಯಿಸಿದೆ, ಟ್ಯಾಪೆಟ್ ಎಷ್ಟಕ್ಕೆ ಇಟ್ಟಿದ್ದೇನೆ, ಯಾವ ಸದ್ದು ಯಾವ ಗೇರಿನಲ್ಲಿ ಬರುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಕಟ್ಟಿರುತ್ತೇನೆ. ಅದನ್ನು ಓದಿ ಮೆಕ್ಯಾನಿಕ್, ‘ಸರ್, ಹಾಗಾದರೆ ಕಾರ್ಬೊರೇಟರ್ ಬಿಚ್ಚಬೇಕಿಲ್ಲ’ ಎಂದು ನೇರವಾಗಿ ಕ್ಲಚ್ಚಿನ ಕೆಲಸಕ್ಕೆ ಕೂರುತ್ತಾರೆ.