‘ಜೋರಾಗಿ ಕೆಮ್ಮಿ, ಹಾರ್ಟ್ ಅಟ್ಯಾಕ್ ತಪ್ಪಿಸಿ’: ಫಾರ್ವರ್ಡ್ ಒತ್ತುವ ಮುನ್ನ

ಅಪಾರ್ಟ್‌ಮೆಂಟ್ ಗ್ರೂಪು, ಸ್ಕೂಲಿನ ಅಮ್ಮಂದಿರ ಗ್ರೂಪು, ಊರಿನವರ ಗ್ರೂಪು. ಬೆಂಗಳೂರಿನಲ್ಲಿ ಬೆಳಗಿನ ಕಾಫಿ ಮುಗಿಯುವುದರೊಳಗೆ ಒಂದೇ ಆರೋಗ್ಯ ಸಂದೇಶ ಮೂರು ಕಡೆಯಿಂದ ಬಂದಿರುತ್ತದೆ. ಮೂರು ಜನ ಕಳಿಸಿದರೂ ಅದು ಹೊರಟದ್ದು ಒಂದೇ ಕಡೆಯಿಂದ.

ಮೊದಲು ಸಂದೇಶದ ತಲೆ ನೋಡಿ. ವಾಟ್ಸಾಪ್‌ನಲ್ಲಿ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ 5 ಕೈ ದಾಟಿ ಬಂದಿದೆ ಎಂದರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಆದರೆ ಯಾರಾದರೂ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಗುರುತು ಮಾಯ. ಹಾಗಾಗಿ ಬಾಣ ಇಲ್ಲದ ಸಂದೇಶ ಸಾಚಾ ಎಂದುಕೊಳ್ಳಬೇಡಿ.

ಆಮೇಲೆ ಅಲಂಕಾರವೆಲ್ಲ ಕಳಚಿ. ದೊಡ್ಡ ಆಸ್ಪತ್ರೆಯ ಹೆಸರು, ಹತ್ತು ಆಶ್ಚರ್ಯಸೂಚಕ ಚಿಹ್ನೆ, ‘10 ಜನರಿಗೆ ಕಳಿಸಿ’ ತೆಗೆದರೆ ಉಳಿಯುವುದು ಒಂದು ಸಾಲು: ‘ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ.’ ಹುಡುಕಬೇಕಾದದ್ದು ಈ ಸಾಲನ್ನು. ಕನ್ನಡದಲ್ಲಿ ಹುಡುಕಿದರೆ ಅದೇ ಫಾರ್ವರ್ಡ್ ಮತ್ತೆ ಎದುರಾಗಬಹುದು. ಈ ಕೆಮ್ಮಿನ ಉಪಾಯಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ‘ಕಾಫ್ ಸಿಪಿಆರ್’ (cough CPR), ಅದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಜನರಿಗೆ ಕಲಿಸುವುದನ್ನು ಒಪ್ಪುವುದಿಲ್ಲ. ಇದರ ಮೂಲ ಆಸ್ಪತ್ರೆಯ ಕ್ಯಾಥ್ ಲ್ಯಾಬ್‌ನಲ್ಲಿದೆ, ಅಂದರೆ ಹೃದಯದ ರಕ್ತನಾಳಕ್ಕೆ ಕೊಳವೆ ತೂರಿಸಿ ಪರೀಕ್ಷಿಸುವ ಕೋಣೆಯಲ್ಲಿ. ಅಲ್ಲಿ ಮಾನಿಟರ್ ಹಾಕಿಸಿಕೊಂಡು ಮಲಗಿದ ರೋಗಿಯ ಹೃದಯದ ಲಯ ದಿಢೀರನೆ ತಪ್ಪಿದರೆ, ಪ್ರಜ್ಞೆ ಇರುವ ಕೆಲವೇ ಸೆಕೆಂಡು ಸಿಬ್ಬಂದಿಯೇ ಕೆಮ್ಮಿಸುವುದುಂಟು. ಹೃದಯಾಘಾತ ಎಂದರೆ ರಕ್ತನಾಳ ಕಟ್ಟಿಕೊಂಡಿರುವುದು, ಕೆಮ್ಮಿದರೆ ಅದು ತೆರೆಯುವುದಿಲ್ಲ. 108ಕ್ಕೆ ಕರೆ ಮಾಡಬೇಕಾದ ಹೊತ್ತು ಕೆಮ್ಮುವುದರಲ್ಲೇ ಕಳೆದುಹೋಗುತ್ತದೆ.

ಎಲ್ಲವನ್ನೂ ಇಷ್ಟು ಕೆದಕಲು ಪುರುಸೊತ್ತಿಲ್ಲದಿದ್ದರೆ ಒಂದೇ ಪ್ರಶ್ನೆ ಸಾಕು: ಇದು ಸುಳ್ಳಾದರೆ ಹೋಗುವುದೇನು? ಜೀರಿಗೆ ನೀರಾದರೆ ಒಂದು ಚಮಚ ಜೀರಿಗೆ. ‘ಪಾರ್ಶ್ವವಾಯು ಹೊಡೆದರೆ ಬೆರಳಿಗೆ ಸೂಜಿ ಚುಚ್ಚಿ’ ಎಂಬುದಾದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಗೆ ಇರುವ ನಾಲ್ಕೂವರೆ ಗಂಟೆಯ ಗಡುವು. ಸಿಲ್ಕ್ ಬೋರ್ಡ್ ಸಿಗ್ನಲ್ ನೋಡಿದವರಿಗೆ ಅದೆಷ್ಟು ಕಡಿಮೆ ಎಂದು ವಿವರಿಸಬೇಕಿಲ್ಲ.

ಕೇಳಿ ತಿಳಿಯಲು ರಾಜ್ಯದ ಆರೋಗ್ಯ ಸಹಾಯವಾಣಿ 104 ಇದೆ, ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416. ರೀಲ್ಸ್‌ನಲ್ಲಿ ಕೋಟು ಹಾಕಿ ಮಾತಾಡುವವರು ವೈದ್ಯರೇ ಎಂಬುದನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ನೋಡಿ. ‘ಶುಗರ್ ಬುಡಸಮೇತ ಗುಣ’ ಎಂಬ ಜಾಹೀರಾತನ್ನು ಔಷಧ ಜಾಹೀರಾತುಗಳ ಕುರಿತ 1954ರ ಕಾಯ್ದೆಯೇ ನಿಷೇಧಿಸಿದೆ. ಹೆಸರಾಂತ ವೈದ್ಯರ ಮುಖ, ದನಿ ಎರಡನ್ನೂ ಈಗ ಎಐ ತಯಾರಿಸುತ್ತದೆ. ವಿಡಿಯೊದ ಕೊನೆಗೆ ಆರ್ಡರ್ ಮಾಡುವ ನಂಬರ್ ಬಂದರೆ ಅಲ್ಲಿಗೆ ಬಿಡಿ.

ರಕ್ತ ಬೇಕೆಂಬ ಸಂದೇಶದಲ್ಲಿ ತಪ್ಪುವುದು ದಿನಾಂಕ. ‘ಅರ್ಜೆಂಟ್, ಇವತ್ತೇ’ ಎಂದಷ್ಟೇ ಬರೆದರೆ ಅದು ವರ್ಷಗಟ್ಟಲೆ ‘ಇವತ್ತೇ’ ಆಗಿ ಸುತ್ತುತ್ತದೆ. ರೋಗಿ ಮನೆಗೆ ಹೋದಮೇಲೂ ಮನೆಯವರ ಫೋನು ರಿಂಗಾಗುತ್ತಲೇ ಇರುತ್ತದೆ. ಮೊದಲು ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ಹತ್ತಿರದ ರಕ್ತನಿಧಿಯ ದಾಸ್ತಾನು ನೋಡಿ. ಸಿಗದಿದ್ದರೆ ಹೀಗೆ ಬರೆಯಿರಿ: ‘ಬಿ ನೆಗೆಟಿವ್, 2 ಯೂನಿಟ್. ಆಸ್ಪತ್ರೆ, ಬಡಾವಣೆ. ಇಂಥ ತಾರೀಖು ಸಂಜೆ 6ರೊಳಗೆ. ಜೊತೆಗಿರುವವರ ನಂಬರ್.’ ಬೇರೆಯವರ ಕೋರಿಕೆಯಾದರೆ ಆ ನಂಬರಿಗೆ ಕರೆ ಮಾಡಿಯೇ ಹಂಚಿ. ರಕ್ತ ಸಿಕ್ಕ ಕೂಡಲೇ ‘ಸಿಕ್ಕಿದೆ’ ಎಂದು ಅದೇ ಸಂದೇಶಕ್ಕೆ ಉತ್ತರಿಸಿ. ಕಳಿಸಿದ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸುವ ಅವಕಾಶ ಸುಮಾರು 2 ದಿನ ಇರುತ್ತದೆ, ಆದರೆ ಬೇರೆ ಗ್ರೂಪಿಗೆ ಹೋದ ಪ್ರತಿ ಅಳಿಯುವುದಿಲ್ಲ.

ಲ್ಯಾಬ್ ರಿಪೋರ್ಟ್ ಹಾಕುವುದಿದ್ದರೆ ಬೇಕಾದ ಸಾಲನ್ನಷ್ಟೇ ಕ್ರಾಪ್ ಮಾಡಿ. ಹೆಸರಿನ ಮೇಲೆ ಹೈಲೈಟರ್ ಗೀಚಿದರೆ ಸಾಲದು, ಬ್ರೈಟ್‌ನೆಸ್ ಏರಿಸಿದರೆ ಅಕ್ಷರ ಕಾಣುತ್ತದೆ. ಮೂಲೆಯ ಕ್ಯೂಆರ್ ಕೋಡ್ ಮರೆಯಬೇಡಿ: ಕೆಲವು ಲ್ಯಾಬ್‌ಗಳಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಪೂರ್ತಿ ರಿಪೋರ್ಟೇ ತೆರೆದುಕೊಳ್ಳುತ್ತದೆ.

ಸುಳ್ಳು ಹಾಕಿದ್ದು ದೊಡ್ಡಪ್ಪನಾದರೆ ಗ್ರೂಪಿನಲ್ಲಿ ತಿದ್ದಬೇಡಿ, ಎಲ್ಲರೆದುರು ತಿದ್ದಿದರೆ ಹಟ ಹೆಚ್ಚುತ್ತದೆ. ಪ್ರತ್ಯೇಕವಾಗಿ ಬರೆಯಿರಿ: ‘ದೊಡ್ಡಪ್ಪಾ, ಕೆಮ್ಮಿನ ಮೆಸೇಜ್ ಸರಿಯಿಲ್ಲವಂತೆ. ಎದೆ ನೋವು ಬಂದರೆ ಮೊದಲು 108ಕ್ಕೆ ಫೋನ್ ಮಾಡಬೇಕಂತೆ. ನೀವೇ ಗ್ರೂಪಲ್ಲಿ ಹಾಕಿಬಿಡ್ತೀರಾ?’